ಬಾಯಿ ಬಿದ್ದ ಕುರಿಗೆ ಒಂದು ತೋಟ

ಕೇಳುಗರೆಲ್ಲರಿಗೂ ನಮಸ್ಕಾರ.

ಕುರಿ ಕೊಳ್ಳುವವರು ಮೊದಲು ನೋಡುವುದು ಬಾಯಿ. ನಮ್ಮ ಹಾವೇರಿ ಕಡೆಯ ಯಾವ ಸಂತೆಗೆ ಹೋದರೂ ಇದೇ ನೋಟ. ಹಿರಿಯರೊಬ್ಬರು ಕುರಿಯನ್ನು ಎರಡು ಮೊಣಕಾಲ ನಡುವೆ ಹಿಡಿದು, ಹೆಬ್ಬೆರಳಿನಿಂದ ಕೆಳತುಟಿ ಸರಿಸುತ್ತಾರೆ. ಎರಡು ಹಾಲುಹಲ್ಲು ಬಿದ್ದು ಹೊಸವು ಹುಟ್ಟಿದ್ದರೆ ಒಂದು, ಒಂದೂವರೆ ವರ್ಷದ್ದು. ನಾಲ್ಕಿದ್ದರೆ ಎರಡು ವರ್ಷ, ಆರಿದ್ದರೆ ಸುಮಾರು ಮೂರು, ಎಂಟೂ ಕೂಡಿದರೆ ನಾಲ್ಕು. ಕುರಿಗೆ ಮೇಲಿನ ಮುಂದಿನ ಹಲ್ಲು ಇರುವುದೇ ಇಲ್ಲ, ಲೆಕ್ಕವೆಲ್ಲ ಕೆಳಗಿನದು. ಮುಂದೆ ಹಲ್ಲು ಸವೆದು, ಸಂದಿ ಬಿಟ್ಟು, ಒಂದೊಂದಾಗಿ ಉದುರುತ್ತವೆ. "ಬಾಯಿ ಬಿದ್ದೈತಿ" ಅಂದರೆ ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಬರೀ ತೂಕದ ರೇಟು.

ನಾನು ಕುರಿ ಕಾಯುವವರ ಮನೆಯಲ್ಲೇ ಬೆಳೆದವನು. ಕುರಿ ಮಾರುವುದು ತಪ್ಪು ಎಂದು ಹೇಳಲು ಇಲ್ಲಿ ಕೂತಿಲ್ಲ. ಮದುವೆ, ಬೋರು, ಆಸ್ಪತ್ರೆ ಎಲ್ಲಕ್ಕೂ ಆ ಹಿಂಡೇ ನಮಗೆ ಬ್ಯಾಂಕು. ಆದರೆ ಐದಾರು ಸಲ ಈದು ನಿಂತ ಕುರಿಗೆ, ಬೀಜಕ್ಕೆ ಬೇಡವಾದ ಟಗರಿಗೆ ಬೇರೆ ಮನೆ ಸಿಕ್ಕೀತೇ ಎಂದು ಕೇಳುವವರೂ ಇದ್ದಾರೆ. ಸಿಗುತ್ತದೆ. ಸಂತೆಯಲ್ಲಿ ಹುಡುಕಬೇಡಿ, ತೋಟದಲ್ಲಿ ಹುಡುಕಿ.

ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ತರುಬಿಸಲು, ಅಂದರೆ ರಾತ್ರಿ ನಿಲ್ಲಿಸಲು, ರೈತರು ಕಾಳು ಕೊಡುತ್ತಾರೆ, ರೊಕ್ಕ ಕೊಡುತ್ತಾರೆ. ಆ ಹಿಕ್ಕೆ, ಗಂಜಳ ಅಷ್ಟು ಬೆಲೆಯದು. ನಮ್ಮ ಕಾಕಾ ಹೇಳುತ್ತಿದ್ದರು, "ಹಿಕ್ಕಿ ಹಾಕಾಕ ಗಬ್ಬ ಯಾಕ ಬೇಕೋ ತಮ್ಮಾ?" ಧಾರವಾಡದ ಆಪೂಸ್ ಮಾವಿನ ತೋಟವಿರಲಿ, ಹಾನಗಲ್ಲಿನ ಮಾವಿರಲಿ, ಗಿಡ ದೊಡ್ಡವಾಗಿದ್ದರೆ ಕೆಳಗಿನ ಹುಲ್ಲಿಗೆ ಎರಡು ಮೂರು ಕುರಿ ಬಂದರೆ ಬೇಡ ಎನ್ನುವವರು ಕಡಿಮೆ. ಎಳೆ ಗಿಡವಾದರೆ ಬೇಡ, ತೊಗಟೆ ಉಳಿಯುವುದಿಲ್ಲ.

ಅಡಿಕೆ ತೋಟದವರು ಕೇಳಿದರೆ ಮಾತ್ರ ನಾನು ಹಿಂದೆ ಸರಿಯುತ್ತೇನೆ. ಕೊಳೆರೋಗಕ್ಕೆ ಅಲ್ಲಿ ಬೋರ್ಡೋ ದ್ರಾವಣ ಹೊಡೆಯುತ್ತಾರೆ, ಅಂದರೆ ಮೈಲುತುತ್ತ ಮತ್ತು ಸುಣ್ಣದ ನೀರು. ಮೈಲುತುತ್ತದಲ್ಲಿರುವುದು ತಾಮ್ರ. ದನ ತಡೆದುಕೊಳ್ಳುವಷ್ಟು ತಾಮ್ರವನ್ನು ಕುರಿ ತಡೆಯದು; ಅದು ದಿನಾ ಸ್ವಲ್ಪ ಸ್ವಲ್ಪವಾಗಿ ಪಿತ್ತಜನಕಾಂಗದಲ್ಲಿ ಕೂಡಿ, ಒಂದು ದಿನ ಇದ್ದಕ್ಕಿದ್ದಂತೆ ಮೂತ್ರ ಕೆಂಪಾಗಿ ಕುರಿ ಬಿದ್ದುಬಿಡುತ್ತದೆ. ದನಕ್ಕೆಂದು ತಂದ ಖನಿಜ ಮಿಶ್ರಣವನ್ನೂ ಕುರಿಗೆ ಹಾಕಬಾರದು ಎನ್ನುವುದು ಇದಕ್ಕೇ.

ನಾನೇ ಮಾಡಿದ ಒಂದು ತಪ್ಪು ಹೇಳಬೇಕು. ನಮ್ಮ ಗಂಟೆ ಕುರಿಯನ್ನು, ಹಿಂಡಿನ ಮುಂದೆ ನಡೆಯುತ್ತಿದ್ದ ಮುದುಕಿಯನ್ನು, ಬೀಗರ ಮಾವಿನ ತೋಟಕ್ಕೆ ಟಂಟಂ ಆಟೋದಲ್ಲಿ ಕಳಿಸಿದೆ. ಒಂದನ್ನೇ. ಎರಡು ದಿನ ಅದು ಬೇಲಿಗೆ ಮುಖ ಹಚ್ಚಿ ನಿಂತಿತ್ತಂತೆ. ಹುಲ್ಲು ಮುಟ್ಟಲಿಲ್ಲ, ರಾತ್ರಿಯೆಲ್ಲ ಒದರಾಟ. ಮೂರನೆಯ ದಿನ ಬೀಗರು ಫೋನು ಮಾಡಿ, "ಮಾವಾ, ಇದನ್ನ ಒಯ್ರಿ, ಇಲ್ಲಾ ಇನ್ನೊಂದ ಕಳಸ್ರಿ" ಅಂದರು. ಅದರ ಜೊತೆಯದೇ ಇನ್ನೊಂದು ಹೋಯಿತು. ಟಂಟಂನಿಂದ ಇಳಿಯುವ ಮೊದಲೇ ಮುದುಕಿ ಗಂಟೆ ಬಾರಿಸುತ್ತ ಓಡಿ ಬಂದಿತಂತೆ. ಅಂದಿನಿಂದ ನಾನು ಯಾರಿಗೂ ಒಂಟಿ ಕುರಿ ಕೊಟ್ಟಿಲ್ಲ.

ಕೊಡುವಾಗ ಮುಚ್ಚಿಡಬೇಡಿ. ಗೊಡ್ಡು ಎಂದು ಮೊದಲೇ ಹೇಳಿ, ಇಲ್ಲವೆಂದರೆ ಅವರು ಟಗರು ತಂದು ಕಾಯುತ್ತ ಕೂಡುತ್ತಾರೆ. ಹಾಗೆಂದು ಒಂದೇ ಹಂಗಾಮಿಗೆ ಗೊಡ್ಡು ಎಂಬ ಹಣೆಪಟ್ಟಿಯೂ ಬೇಡ. ಹಿಂಡಿನಲ್ಲಿ ಬಹಳ ಕುರಿ ಗಬ್ಬ ನಿಂತಿಲ್ಲವೆಂದರೆ ಮೊದಲು ಟಗರನ್ನೇ ಅನುಮಾನಿಸಬೇಕು. ಕಂದು ಹಾಕಿದ ಕುರಿಯನ್ನಂತೂ ರಕ್ತ ಪರೀಕ್ಷೆ ಮಾಡಿಸದೆ ಹೊಸಿಲು ದಾಟಿಸಬೇಡಿ. ಗಬ್ಬ ಕಳೆಯುವ ಬ್ರುಸೆಲ್ಲಾ ರೋಗ ಇದ್ದರೆ ಅದು ಮನುಷ್ಯರಿಗೂ ಅಂಟುತ್ತದೆ. ಜಂತಿನ ಔಷಧ, ಪಿಪಿಆರ್ ಎಂಬ ಅಂಟುರೋಗದ ಮತ್ತು ಕರುಳುಬೇನೆಯ ಲಸಿಕೆ ಊರಿನ ಪಶು ಆಸ್ಪತ್ರೆಯಲ್ಲೇ ಆಗುವ ಕೆಲಸ.

ತೆಗೆದುಕೊಳ್ಳುವವರಿಗೆ ಎರಡು ಮಾತು. ಹಲ್ಲಿಲ್ಲದ ಕುರಿ ಗಿಡ್ಡ ಹುಲ್ಲು ಕಡಿಯಲಾರದು. ಶೇಂಗಾ ಹೊಟ್ಟು, ಕಡಲೆ ಹೊಟ್ಟು, ಸಣ್ಣಗೆ ಕತ್ತರಿಸಿದ ಹಸಿ ಮೇವು ಬೇಕು. ಗೋವಿನಜೋಳದ ರಾಶಿ ಹತ್ತಿರ ಮಾತ್ರ ಬಿಡಬೇಡಿ, ಕಾಳು ಮುಕ್ಕಿದರೆ ಹೊಟ್ಟೆ ಹುಳಿಯಾಗಿ ಒಂದೆರಡು ದಿನದಲ್ಲೇ ಹೋಗುತ್ತದೆ. ಇನ್ನು ಗೊರಸು. ಊರೂರು ಅಲೆದ ಕುರಿಯ ಗೊರಸು ಕಲ್ಲು ನೆಲದಲ್ಲಿ ತಾನೇ ಸವೆಯುತ್ತಿತ್ತು. ಮೆತ್ತನೆಯ ತೋಟದ ಮಣ್ಣಿನಲ್ಲಿ ಅದು ಚಪ್ಪಲಿಯಂತೆ ಮುಂದಕ್ಕೆ ಬೆಳೆಯುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಕತ್ತರಿಸಬೇಕು. ನಮ್ಮ ಬೀಗರು ಈಗ ಅದನ್ನು ಕಲಿತಿದ್ದಾರೆ. ಮುದುಕಿ ಮಾತ್ರ ಇನ್ನೂ ಕಾಲು ಕೊಡಲು ಒಪ್ಪಿಲ್ಲ.

ನಮಸ್ಕಾರ.