ಒಂಬತ್ತನೆಯ ಕುರ್ಚಿ

ಕೇಳುಗರಿಗೆ ನಮಸ್ಕಾರ.

ನಮ್ಮಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಗಳಿಗೆ 62, ಸುಪ್ರೀಂ ಕೋರ್ಟಿನವರಿಗೆ 65 ತುಂಬಿದರೆ ನಿವೃತ್ತಿ. ಯಾರ ಜಾಗ ಯಾವ ತಿಂಗಳು ಖಾಲಿಯಾಗುತ್ತದೆಂದು ಮೊದಲೇ ಲೆಕ್ಕ ಹಾಕಬಹುದು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಅಲ್ಲಿ ನಿವೃತ್ತಿಯ ವಯಸ್ಸೇ ಇಲ್ಲ; ತಾವಾಗಿ ಬಿಟ್ಟರೆ ಸರಿ, ಇಲ್ಲದಿದ್ದರೆ ಬದುಕಿರುವ ತನಕ. 1869ರಿಂದ ಕುರ್ಚಿಗಳು ಒಂಬತ್ತೇ. ಅದರಲ್ಲೊಂದು ಚುನಾವಣೆಯ ವರ್ಷ ಖಾಲಿಯಾಯಿತೆಂದರೆ, ಮುಂದಿನ ಎರಡು ಮೂರು ದಶಕಗಳ ತೀರ್ಪುಗಳೇ ಪಣಕ್ಕೆ ಬಿದ್ದ ಹಾಗೆ.

ಸಂವಿಧಾನ ಹೇಳುವುದು ಇಷ್ಟು: ಅಧ್ಯಕ್ಷರು ಹೆಸರು ಸೂಚಿಸಬೇಕು, ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿನ ಸಲಹೆ ಮತ್ತು ಒಪ್ಪಿಗೆ ಪಡೆದು ನೇಮಿಸಬೇಕು. ಎಷ್ಟು ದಿನದೊಳಗೆ ಎಂಬ ಮಾತಿಲ್ಲ. ವಿಚಾರಣೆ ನಡೆಸಲೇಬೇಕು, ಮತಕ್ಕೆ ಹಾಕಲೇಬೇಕು ಎಂದೂ ಬರೆದಿಲ್ಲ. ಅವೆಲ್ಲ ಸೆನೆಟ್ ತಾನೇ ಮಾಡಿಕೊಂಡ ರೂಢಿ. ಹೆಸರು ಬಂದ ಮೇಲೆ ಎಫ್‌ಬಿಐ ಹಿನ್ನೆಲೆ ತಪಾಸಣೆ ಮಾಡುತ್ತದೆ. ಅಭ್ಯರ್ಥಿ ದೊಡ್ಡದೊಂದು ಪ್ರಶ್ನಾವಳಿ ತುಂಬಿ, ತಾವು ಬರೆದ ತೀರ್ಪು, ಲೇಖನ, ಭಾಷಣಗಳನ್ನೆಲ್ಲ ಒಪ್ಪಿಸುತ್ತಾರೆ. ಸೆನೆಟರುಗಳನ್ನು ಒಬ್ಬೊಬ್ಬರನ್ನಾಗಿ ಭೇಟಿಯಾಗುತ್ತಾರೆ. ಆಮೇಲೆ ನ್ಯಾಯಾಂಗ ಸಮಿತಿಯ ಮುಂದೆ ಬಹಿರಂಗ ವಿಚಾರಣೆ, ಸಮಿತಿಯ ಮತ, ಕೊನೆಗೆ ಪೂರ್ಣ ಸದನದ ಮತ. ಈ ದಾರಿಯ ಪ್ರತಿ ಗೇಟಿನ ಕೀಲಿಯೂ ಬಹುಮತ ಪಕ್ಷದ ಕೈಯಲ್ಲಿರುತ್ತದೆ.

2016ರ ಫೆಬ್ರುವರಿ 13ರಂದು ಟೆಕ್ಸಸ್‌ನ ಒಂದು ರ್‍ಯಾಂಚಿನಲ್ಲಿ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಚುನಾವಣೆಗೆ ಇನ್ನೂ ಸುಮಾರು ಒಂಬತ್ತು ತಿಂಗಳಿತ್ತು. ಸುದ್ದಿ ಹರಡಿದ ಕೆಲವೇ ಗಂಟೆಗಳಲ್ಲಿ ಸೆನೆಟ್ಟಿನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ಹೇಳಿಕೆ ಕೊಟ್ಟರು: ಈ ಜಾಗವನ್ನು ಮುಂದಿನ ಅಧ್ಯಕ್ಷರೇ ತುಂಬಲಿ. ಆಗಿನ್ನೂ ಅಧ್ಯಕ್ಷ, ಡೆಮಾಕ್ರಟ್ ಪಕ್ಷದ ಒಬಾಮ ಯಾರ ಹೆಸರನ್ನೂ ಹೇಳಿರಲಿಲ್ಲ. ಫೆಬ್ರುವರಿ 23ಕ್ಕೆ ನ್ಯಾಯಾಂಗ ಸಮಿತಿಯ 11 ರಿಪಬ್ಲಿಕನ್ನರೂ, ಯಾರನ್ನೇ ಸೂಚಿಸಿದರೂ ವಿಚಾರಣೆಯಿಲ್ಲ ಎಂಬ ಪತ್ರಕ್ಕೆ ಸಹಿ ಹಾಕಿದರು. ಮಾರ್ಚ್ 16ರಂದು ಒಬಾಮ ಮೆರಿಕ್ ಗಾರ್ಲಂಡ್ ಅವರನ್ನು ಸೂಚಿಸಿದರು. ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರು, ಎರಡೂ ಪಕ್ಷಗಳಲ್ಲಿ ಗೌರವವಿದ್ದವರು.

ತಡೆದ ರೀತಿಯನ್ನು ಗಮನಿಸಬೇಕು. ಫಿಲಿಬಸ್ಟರ್, ಅಂದರೆ ಚರ್ಚೆ ಮುಗಿಯದಂತೆ ಎಳೆಯುವ ತಂತ್ರ, ಅಲ್ಪಸಂಖ್ಯೆಯಲ್ಲಿರುವವರ ಆಯುಧ. ಆಗ ಸೆನೆಟ್ಟಿನಲ್ಲಿ 54 ಸ್ಥಾನವಿದ್ದ ರಿಪಬ್ಲಿಕನ್ನರಿಗೆ ಅದು ಬೇಕಾಗಿಯೇ ಇರಲಿಲ್ಲ. ವಿಚಾರಣೆಗೆ ದಿನಾಂಕ ಕೊಡದಿದ್ದರೆ ಸಾಕಿತ್ತು. ಕಾನ್ಸಸ್‌ನ ರಿಪಬ್ಲಿಕನ್ ಸೆನೆಟರ್ ಜೆರ್ರಿ ಮೊರಾನ್, ವಿಚಾರಣೆ ನಡೆಯಲಿ ಎಂದು ಊರಿನ ಸಭೆಯೊಂದರಲ್ಲಿ ಹೇಳಿದರು. ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಎದುರಾಳಿಯನ್ನು ನಿಲ್ಲಿಸುತ್ತೇವೆಂದು ಸ್ವಪಕ್ಷದ ಗುಂಪುಗಳು ಬೆದರಿಸಿದ್ದೇ ತಡ, ಎರಡು ವಾರದೊಳಗೆ ಮಾತು ಹಿಂದಕ್ಕೆ ಪಡೆದರು. ಸೆನೆಟ್ ಬಿಡುವಿನಲ್ಲಿದ್ದಾಗ ತಾತ್ಕಾಲಿಕವಾಗಿ ನೇಮಿಸುವ ದಾರಿಯೂ ಒಬಾಮಗೆ ಮುಚ್ಚಿತ್ತು: ಹತ್ತು ದಿನಕ್ಕಿಂತ ಕಡಿಮೆಯ ಬಿಡುವು ಸಾಲದೆಂದು 2014ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು, ಸೆನೆಟ್ ಮೂರು ದಿನಕ್ಕೊಮ್ಮೆ ಹೆಸರಿಗೊಂದು ಅಧಿವೇಶನ ಸೇರಿಸಿ ಅಷ್ಟು ದೊಡ್ಡ ಬಿಡುವೇ ಸಿಗದಂತೆ ನೋಡಿಕೊಂಡಿತು. ಗಾರ್ಲಂಡ್ ಹೆಸರು 293 ದಿನ ಕಾದು, 2017ರ ಜನವರಿ 3ರಂದು ಆ ಸೆನೆಟ್ಟಿನ ಅವಧಿಯೊಂದಿಗೇ ಬಿದ್ದುಹೋಯಿತು.

ಈ ನಡುವೆ ನ್ಯಾಯಾಲಯ ಎಂಟೇ ಜನರದ್ದು. ನಾಲ್ಕು ನಾಲ್ಕಾಗಿ ಒಡೆದರೆ ಕೆಳ ನ್ಯಾಯಾಲಯದ ತೀರ್ಪು ಹಾಗೆಯೇ ನಿಲ್ಲುತ್ತದೆ, ದೇಶಕ್ಕೆ ಅನ್ವಯಿಸುವ ಪೂರ್ವನಿದರ್ಶನ ಹುಟ್ಟುವುದಿಲ್ಲ. 2016ರ ಜೂನ್ 23ರಂದು ಹಾಗೇ ಆಯಿತು. ದಾಖಲೆಯಿಲ್ಲದೆ ನೆಲೆಸಿದ್ದ ಸುಮಾರು 40 ಲಕ್ಷ ತಂದೆತಾಯಿಗಳನ್ನು ಗಡೀಪಾರಿನಿಂದ ರಕ್ಷಿಸುವ ಒಬಾಮ ಯೋಜನೆಯ ಪ್ರಕರಣ ಅದು. ತಿಂಗಳುಗಟ್ಟಲೆ ಕಾದವರಿಗೆ ಸಿಕ್ಕಿದ್ದು ಇಂಗ್ಲಿಷಿನಲ್ಲಿ ಒಂಬತ್ತೇ ಪದಗಳ ಒಂದು ಸಾಲು: ನ್ಯಾಯಾಲಯ ಸಮನಾಗಿ ಒಡೆದದ್ದರಿಂದ ಕೆಳಗಿನ ತೀರ್ಪನ್ನು ಎತ್ತಿಹಿಡಿಯಲಾಗಿದೆ. ಕಾರಣವಿಲ್ಲ, ವಿವರಣೆಯಿಲ್ಲ. ಖಾಲಿ ಕುರ್ಚಿಯ ಬೆಲೆ ಎಷ್ಟೆಂದು ತಿಳಿಯಲು ಆ ಸಾಲನ್ನು ಓದಬೇಕು.

ಗಾರ್ಲಂಡ್ ಅವರನ್ನು ಬಹಿರಂಗವಾಗಿ ಪ್ರಶ್ನಿಸಿ, ಮತ ಹಾಕಿ ಸೋಲಿಸಿದ್ದರೆ ಅದು ಸೆನೆಟ್ಟಿನ ಹಕ್ಕು. ಒಬ್ಬೊಬ್ಬ ಸೆನೆಟರೂ ತನ್ನ ಹೆಸರಿನಲ್ಲಿ ಇಲ್ಲ ಎನ್ನಬೇಕಾಗುತ್ತಿತ್ತು, ಮತದಾರರಿಗೆ ಉತ್ತರ ಕೊಡಬೇಕಾಗುತ್ತಿತ್ತು. ಮತವನ್ನೇ ನಡೆಸದೆ ಆ ಹೊಣೆಯಿಂದ ನುಣುಚಿಕೊಂಡದ್ದೇ ಇಲ್ಲಿಯ ದೊಡ್ಡ ತಪ್ಪು.

2017ರಲ್ಲಿ ಅಧ್ಯಕ್ಷ ಟ್ರಂಪ್ ಆ ಜಾಗಕ್ಕೆ ನೀಲ್ ಗೋರ್ಸಚ್ ಅವರನ್ನು ಸೂಚಿಸಿದರು. ಡೆಮಾಕ್ರಟರು ಫಿಲಿಬಸ್ಟರ್ ಹಿಡಿದರು. ಏಪ್ರಿಲ್ 6ರಂದು ಚರ್ಚೆ ಮುಗಿಸಲು ಬೇಕಾದ 60 ಮತ ಸಿಗಲಿಲ್ಲ. ಅದೇ ದಿನ ರಿಪಬ್ಲಿಕನ್ನರು ನಿಯಮದ ಅರ್ಥವನ್ನೇ ತಿರುಗಿಸಿ, ಸುಪ್ರೀಂ ಕೋರ್ಟಿನ ನೇಮಕಕ್ಕೆ ಸರಳ ಬಹುಮತ ಸಾಕೆಂದು ಮಾಡಿಕೊಂಡರು. ಕೆಳಗಿನ ಕೋರ್ಟುಗಳ ಮಟ್ಟಿಗೆ ಇದೇ ಕೆಲಸವನ್ನು 2013ರಲ್ಲಿ ಡೆಮಾಕ್ರಟರು ಮಾಡಿದ್ದರು. ಮರುದಿನ 54–45ರಲ್ಲಿ ಗೋರ್ಸಚ್ ಗೆದ್ದರು.

2020ರ ಸೆಪ್ಟೆಂಬರ್ 18ರಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡಾಗ ಚುನಾವಣೆಗೆ ಇದ್ದದ್ದು 46 ದಿನ. ಮೆಕಾನಲ್ ಈ ಸಲ ಮತ ನಡೆದೇ ನಡೆಯುತ್ತದೆ ಎಂದರು. 2016ರಲ್ಲಿ ಸೆನೆಟ್ಟೂ ಶ್ವೇತಭವನವೂ ಬೇರೆ ಬೇರೆ ಪಕ್ಷದ ಕೈಯಲ್ಲಿದ್ದವು, ಈಗ ಎರಡೂ ಒಂದೇ ಪಕ್ಷದ್ದು ಎಂಬುದು ಅವರ ಸಮರ್ಥನೆ. ಸೆಪ್ಟೆಂಬರ್ 26ರಂದು ಏಮಿ ಕೋನಿ ಬ್ಯಾರೆಟ್ ಹೆಸರು ಬಂತು. ಅಕ್ಟೋಬರ್ ಮೊದಲಲ್ಲಿ ಸಮಿತಿಯ ಇಬ್ಬರು ರಿಪಬ್ಲಿಕನ್ನರಿಗೆ ಕೋವಿಡ್ ತಗುಲಿತು. 22 ಜನರ ಸಮಿತಿಯಲ್ಲಿ ಅವರಿಗಿದ್ದದ್ದು 12. ಇಬ್ಬರು ಹೊರಗುಳಿದರೆ ಮತದ ದಿನ ಕೋರಂಗೇ, ಅಂದರೆ ಹಾಜರಿರಬೇಕಾದ ಕನಿಷ್ಠ ಸಂಖ್ಯೆಗೇ, ಕುತ್ತು. ಇಬ್ಬರೂ ಚೇತರಿಸಿಕೊಂಡರು. 12ರಿಂದ 15ರವರೆಗೆ ವಿಚಾರಣೆ ನಡೆಯಿತು, ಸಮಿತಿಯ ನಿಯಮದಂತೆ ಮತ ಒಂದು ವಾರ ಮುಂದಕ್ಕೆ ಹೋಯಿತು. 22ರಂದು ಡೆಮಾಕ್ರಟರು ಬರಲೇ ಇಲ್ಲ. ಒಬಾಮ ಕಾಲದ ಆರೋಗ್ಯ ವಿಮೆ ಕಾಯ್ದೆಯಿಂದ ನೆರವಾದವರ ದೊಡ್ಡ ದೊಡ್ಡ ಫೋಟೋಗಳನ್ನು ತಮ್ಮ ಕುರ್ಚಿಗಳಲ್ಲಿ ನಿಲ್ಲಿಸಿ ಹೋಗಿದ್ದರು. ಆ ಮುಖಗಳ ಎದುರಿಗೇ 12–0 ಮತ ಬಿತ್ತು.

23ರ ಶುಕ್ರವಾರ ಚರ್ಚೆ ಮುಗಿಸುವ ಗೊತ್ತುವಳಿ ಮಂಡನೆ. ನಡುವೆ ಒಂದು ದಿನ ಬಿಟ್ಟು ಭಾನುವಾರ ಅದರ ಮೇಲೆ ಮತ, 51–48. ಅಲ್ಲಿಂದ ಹೆಚ್ಚೆಂದರೆ 30 ಗಂಟೆಯ ಚರ್ಚೆ. 26ರ ಸೋಮವಾರ ರಾತ್ರಿ 52–48. ರಿಪಬ್ಲಿಕನ್ನರಲ್ಲಿ ವಿರೋಧಿಸಿದವರು ಸೂಸನ್ ಕಾಲಿನ್ಸ್ ಒಬ್ಬರೇ. ಆ ಹೊತ್ತಿಗೆ ಅಂಚೆ ಮತ್ತು ಮುಂಗಡ ಮತದಾನದಲ್ಲಿ ಕೋಟಿಗಟ್ಟಲೆ ಜನ ಆಗಲೇ ಮತ ಹಾಕಿಯಾಗಿತ್ತು. ಚುನಾವಣೆಗೆ ಉಳಿದದ್ದು ಎಂಟು ದಿನ.

ಎರಡೂ ಕಡೆಯವರು ಇತಿಹಾಸದಿಂದ ತಮಗೆ ಬೇಕಾದದ್ದನ್ನು ಹೆಕ್ಕಿಕೊಂಡರು. 1864ರ ಅಕ್ಟೋಬರಿನಲ್ಲಿ ಮುಖ್ಯ ನ್ಯಾಯಮೂರ್ತಿ ಟೇನಿ ಸತ್ತಾಗ ಲಿಂಕನ್ ಚುನಾವಣೆ ಮುಗಿಯುವ ತನಕ ಹೆಸರು ಕಳಿಸಲಿಲ್ಲ. 1956ರ ಅಕ್ಟೋಬರಿನಲ್ಲಿ ಐಸೆನ್‌ಹೋವರ್ ಚುನಾವಣೆಗೆ ಮೊದಲೇ ಬ್ರೆನನ್ ಅವರನ್ನು ಬಿಡುವಿನ ನೇಮಕದಲ್ಲಿ ಕೂರಿಸಿದರು. 1988ರ ಚುನಾವಣೆಯ ವರ್ಷದಲ್ಲಿ, ಡೆಮಾಕ್ರಟರ ಬಹುಮತವಿದ್ದ ಸೆನೆಟ್ಟೇ ರೇಗನ್ ಸೂಚಿಸಿದ ಆಂಟನಿ ಕೆನಡಿಯವರನ್ನು 97–0ರಲ್ಲಿ ಒಪ್ಪಿತು. ಇವುಗಳಿಂದ ಒಂದೇ ನಿಯಮ ಹಿಂಡಿ ತೆಗೆಯಲು ಬರುವುದಿಲ್ಲ.

2022ರ ಜೂನ್ 24ರಂದು, ಗರ್ಭಪಾತದ ಹಕ್ಕನ್ನು ಅರ್ಧ ಶತಮಾನ ಕಾಪಾಡಿದ್ದ ತೀರ್ಪನ್ನು ಈ ನ್ಯಾಯಾಲಯ ರದ್ದು ಮಾಡಿತು. ಹಾಗೆ ಮಾಡಲು ಒಪ್ಪಿದ ನ್ಯಾಯಮೂರ್ತಿಗಳು ಐವರು. ಅವರಲ್ಲಿ ಒಬ್ಬರು ಸ್ಕಾಲಿಯಾ ಕುರ್ಚಿಗೆ ಬಂದ ಗೋರ್ಸಚ್, ಇನ್ನೊಬ್ಬರು ಗಿನ್ಸ್‌ಬರ್ಗ್ ಕುರ್ಚಿಗೆ ಬಂದ ಬ್ಯಾರೆಟ್.