ಮಳೆಯಲ್ಲಿ ಬಾಸ್‌ಗೆ ಯಾವ ಲೂರ್?

ಕೇಳುಗರಿಗೆ ನಮಸ್ಕಾರ.

ಮಳೆ ಬಂದರೆ ಮೀನು ಚೆನ್ನಾಗಿ ಕಚ್ಚುತ್ತೆ ಅಂತ ಒಬ್ಬರು ಹೇಳುತ್ತಾರೆ. ಮಳೆ ಬಂದರೆ ಮೀನು ತಳ ಸೇರಿಬಿಡುತ್ತೆ, ಸುಮ್ನೆ ನೆನೆದು ಬರಬೇಕು ಅಂತ ಇನ್ನೊಬ್ಬರು ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಕಂಡ ಮಳೆ ಬೇರೆ ಬೇರೆ, ಅಷ್ಟೇ. ಹಾಗಾಗಿ ಮಳೆಯಲ್ಲಿ ಬಾಸ್ ಹಿಡಿಯಲು ಯಾವ ಲೂರ್ ಕಟ್ಟಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಒಂದೇ: ಎಂಥ ಮಳೆ?

ಗೊತ್ತಿಲ್ಲದವರಿಗೆ ಎರಡು ಮಾತು. ಬಾಸ್ ಅಂದರೆ ಇಲ್ಲಿ ಲಾರ್ಜ್‌ಮೌತ್ ಬಾಸ್. ಉತ್ತರ ಅಮೆರಿಕದ ಸಿಹಿನೀರಿನ ಮೀನು, ಈಗ ಬೇರೆ ಎಷ್ಟೋ ದೇಶಗಳ ಕೆರೆಗಳಲ್ಲೂ ಇದೆ. ಹೆಸರೇ ಹೇಳುವ ಹಾಗೆ ದೊಡ್ಡ ಬಾಯಿ. ಲೂರ್ ಅಂದರೆ ನಕಲಿ ಎರೆ. ಮರದ್ದು, ಪ್ಲಾಸ್ಟಿಕ್‌ದು, ರಬ್ಬರಿನದು, ತಗಡಿನದು, ಯಾವುದಾದರೂ ಇರಬಹುದು.

ಬಿಸಿಲಿದ್ದಾಗ ಬಾಸ್ ನೆರಳು ಬಿಟ್ಟು ಬರುವುದು ಕಡಿಮೆ. ಮುಳುಗಿದ ಮರದ ಬುಡದಲ್ಲೋ ಜೊಂಡಿನ ಸಂದಿಯಲ್ಲೋ ಹೊಂಚು ಹಾಕಿ ಕೂತಿರುತ್ತದೆ. ಮೋಡ ಕವಿದು ಜಿಟಿಜಿಟಿ ಹನಿ ಶುರುವಾಯಿತು ಅನ್ನಿ, ಆಗ ಅದಕ್ಕೆ ಎಲ್ಲ ಕಡೆಯೂ ನೆರಳೇ. ಹೊರಗೆ ಬಂದು ಅಡ್ಡಾಡುತ್ತದೆ. ಮೇಲಿನ ನೀರು ಹನಿಗೆ ಒಡೆದು ಹೋಗಿರುವುದರಿಂದ ದಡದಲ್ಲಿ ನಿಂತ ನಾವೂ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ನಮ್ಮ ಲೂರಿನ ಮೋಸವೂ ಕಾಣುವುದಿಲ್ಲ. ನೀರಿನ ಮೇಲೆ ಓಡುವ ಲೂರ್‌ಗೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಅದರಲ್ಲೂ ನನ್ನ ಕೈ ಮೊದಲು ಹೋಗುವುದು ಬಜ್‌ಬೈಟ್‌ಗೆ. ಬಗ್ಗಿಸಿದ ಒಂದು ತಂತಿ. ಕೆಳಗಿನ ತುದಿಯಲ್ಲಿ ಸೀಸದ ತಲೆ, ಕೊಕ್ಕೆ, ಕೊಕ್ಕೆಯ ಸುತ್ತ ರಬ್ಬರ್ ಎಳೆಗಳ ಲಂಗ. ಮೇಲಿನ ತುದಿಯಲ್ಲಿ ಪುಟ್ಟ ಫ್ಯಾನಿನಂಥ ತಗಡು. ಎಸೆದು ರೀಲ್ ಸುತ್ತಿದರೆ ಆ ತಗಡು ಗಿರಗಿರ ತಿರುಗಿ, ಪಟಪಟ ಅಂತ ನೀರು ಸೀಳಿಕೊಂಡು, ಹಿಂದೆ ನೊರೆಯ ಗೆರೆ ಬಿಡುತ್ತಾ ಬರುತ್ತದೆ. ಸುತ್ತುವುದು ನಿಲ್ಲಿಸಿದಿರೋ, ಮುಳುಗಿತು. ಹೊಸ ಬಜ್‌ಬೈಟ್ ತೀರಾ ಸಾಧು, ಹಳೆಯದಾಗಿ ತಗಡು ತಂತಿಗೆ ಉಜ್ಜಿ ಕಿರ್ರ್ ಅನ್ನಲು ಶುರು ಮಾಡಿದಾಗಲೇ ಅದಕ್ಕೆ ಬೆಲೆ. ಬೇಗ ಸವೆಯಲಿ ಅಂತ ಓಡುವ ಕಾರಿನ ಕಿಟಕಿಯಿಂದ ಹೊರಗೆ ಹಿಡಿದುಕೊಳ್ಳುವವರೂ ಇದ್ದಾರೆ. ನಾನು ಅಷ್ಟು ದೂರ ಹೋಗಿಲ್ಲ.

ಇಲ್ಲಿ ನಾನು ಎಷ್ಟು ಮೀನು ಕಳೆದುಕೊಂಡಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ನೀರು ಧಡ್ ಅಂತ ಸಿಡಿಯುತ್ತದೆ, ಎದೆ ಹಾರುತ್ತದೆ, ಕೈ ತಾನಾಗಿ ರಾಡ್ ಎಳೆದುಬಿಡುತ್ತದೆ. ಲೂರ್ ಮೀನಿನ ಬಾಯಿಂದ ಹೊರಗೆ ಹಾರಿ ನಮ್ಮ ಮುಖದ ಕಡೆಗೇ ಬರುತ್ತದೆ! ಶಬ್ದ ಕೇಳಿ ಎಳೆಯಬಾರದು, ಲೈನಿನಲ್ಲಿ ಭಾರ ಸಿಕ್ಕ ಮೇಲೆ ಎಳೆಯಬೇಕು. ಹೇಳುವುದು ಸುಲಭ ಬಿಡಿ.

ಈಗ ಮಳೆ ಜೋರಾಯಿತು. ತಗಡಿನ ಮಾಡಿನ ಮೇಲೆ ಧೋ ಅಂತ ಮಳೆ ಸುರಿಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ, ಅಲ್ವಾ? ನೀರಿನ ಮೇಲೂ ಅದೇ ಕಥೆ. ನೀರಿನ ಮೇಲೆ ತೇಲುವ ಪಾಪರ್‌ನಂಥ ಲೂರ್ ಮಾಡುವ ಪುಳಕ್ ಪುಳಕ್ ಸದ್ದು ಆ ಗದ್ದಲದಲ್ಲಿ ಕಳೆದುಹೋಗುತ್ತದೆ. ಆದರೆ ಮೀನಿಗೆ ಕಿವಿ ಮಾತ್ರ ಇರುವುದಲ್ಲ, ಮೈಯ ಎರಡೂ ಪಕ್ಕದಲ್ಲಿ ಉದ್ದಕ್ಕೆ ಒಂದು ಗೆರೆ ಇರುತ್ತದೆ, ಹತ್ತಿರದಲ್ಲಿ ನೀರು ಅಲುಗಿದರೆ ಅದಕ್ಕೆ ಗೊತ್ತಾಗುತ್ತದೆ. ಹಾಗಾಗಿ ನೀರಿನ ಒಳಗೆ ಹೋಗಿ ಅಲ್ಲಿ ನಡುಕ ಹುಟ್ಟಿಸುವ ಲೂರ್ ಬೇಕು. ಸ್ಪಿನ್ನರ್‌ಬೈಟ್ ಕಟ್ಟಿ. ಇದಕ್ಕೂ ಬಗ್ಗಿಸಿದ ತಂತಿಯೇ, ಆದರೆ ತಿರುಗುವ ತಗಡು, ಅಂದರೆ ಬ್ಲೇಡ್, ನೀರಿನ ಒಳಗೆ ಬಡಿಯುತ್ತದೆ. ಅದರಲ್ಲೂ ದುಂಡನೆಯ ಕೊಲರಾಡೋ ಬ್ಲೇಡ್ ಇರುವುದು ಬೇಕು. ಎಲೆಯಂತೆ ಸಪೂರವಾದ ವಿಲೋ ಬ್ಲೇಡ್ ಹೊಳೆಯುವುದು ಜಾಸ್ತಿ, ಬಡಿಯುವುದು ಕಡಿಮೆ. ಬಿಸಿಲೇ ಇಲ್ಲದಾಗ ಹೊಳಪು ತಗೊಂಡು ಏನು ಮಾಡುವುದು? ತಲೆಯ ಮುಂದೆ ಅಲುಗುವ ತಗಡು ಇರುವ ಚಾಟರ್‌ಬೈಟ್ ಕೂಡ ಆಗುತ್ತದೆ, ಅದರ ನಡುಕ ರಾಡ್ ಹಿಡಿದ ಅಂಗೈಗೇ ತಿಳಿಯುತ್ತದೆ.

ಇನ್ನು ರಾಡಿ ನೀರು. ಮಳೆ ಸ್ವಲ್ಪ ಹೊತ್ತು ಹೊಯ್ದ ಮೇಲೆ ಸಣ್ಣ ತೊರೆಗಳು, ಚರಂಡಿ, ಮೋರಿಯ ಕೊಳವೆ, ಎಲ್ಲ ಕಡೆಯಿಂದ ಕೆಂಪು ನೀರು ಕೆರೆಗೆ ಇಳಿಯುತ್ತದೆ. ಅದರ ಜೊತೆ ಎರೆಹುಳ, ಮಿಡತೆ, ಕೀಟ ಎಲ್ಲ ಕೊಚ್ಚಿಕೊಂಡು ಬರುತ್ತವೆ. ಅದನ್ನು ತಿನ್ನಲು ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ಬಾಸ್. ಅಲ್ಲಿ ನಿಂತು ನೋಡಿ, ಕೆಂಪು ನೀರು ತಿಳಿನೀರಿಗೆ ಸೇರುವ ಕಡೆ ಒಂದು ಗೆರೆ ಎಳೆದ ಹಾಗಿರುತ್ತದೆ. ನನ್ನ ಪ್ರಕಾರ ಇಡೀ ಕೆರೆಯಲ್ಲಿ ಆ ಹೊತ್ತಿಗೆ ಇರುವ ಒಳ್ಳೆಯ ಜಾಗ ಅದು. ಗೆರೆಯ ಉದ್ದಕ್ಕೂ ಲೂರ್ ಬರುವ ಹಾಗೆ ಎಸೆಯಿರಿ, ಅಡ್ಡಲಾಗಿ ಎಸೆದರೆ ಆ ಜಾಗದಲ್ಲಿ ಅದು ಇರುವುದು ಎರಡೇ ಕ್ಷಣ.

ಬಣ್ಣದ ವಿಷಯಕ್ಕೆ ಜನ ತಲೆ ಕೆಡಿಸಿಕೊಳ್ಳುವುದು ಜಾಸ್ತಿ. ರಾಡಿ ನೀರಿಗೆ ಕಪ್ಪು, ಕಪ್ಪು-ನೀಲಿ, ಇಲ್ಲವೇ ಕಣ್ಣು ಕುಕ್ಕುವ ಹಳದಿ-ಹಸಿರು. ಕಪ್ಪು ಯಾಕೆ ಅಂದರೆ ಮಬ್ಬು ಬೆಳಕಿನಲ್ಲಿ ಅದರ ಆಕಾರ ಎದ್ದು ಕಾಣುತ್ತದೆ. ತಿಳಿನೀರಾದರೆ ಬಿಳಿ ಸಾಕು. ಇದಕ್ಕಿಂತ ಜಾಸ್ತಿ ಬಣ್ಣ ಪೆಟ್ಟಿಗೆಯಲ್ಲಿ ಇದ್ದರೆ ಅದು ಮೀನಿಗಲ್ಲ, ನಮಗೆ.

ಚಳಿಗಾಲದ ಮಳೆ ಬೇರೆ ಜಾತಿ. ನೀರು ಇನ್ನೂ ತಣ್ಣಗಾಗಿ ಬಾಸ್ ಸೋಮಾರಿಯಾಗುತ್ತದೆ, ಬಜ್‌ಬೈಟ್ ಓಡಿಸಿದರೆ ತಿರುಗಿಯೂ ನೋಡುವುದಿಲ್ಲ. ಜಿಗ್, ಅಂದರೆ ಭಾರದ ತಲೆ ಇರುವ ಕೊಕ್ಕೆ, ಅಥವಾ ರಬ್ಬರ್ ಹುಳ ಕಟ್ಟಿ, ತಳದಲ್ಲಿ ನಿಧಾನಕ್ಕೆ ಎಳೆಯಿರಿ.

ಒಂದು ಹಳೆಯ ಕಥೆ ನೆನಪಾಗುತ್ತದೆ. 1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಅನ್ನುವ ರೈತ 22 ಪೌಂಡ್ 4 ಔನ್ಸ್ ತೂಕದ ಬಾಸ್ ಹಿಡಿದ. ಹತ್ತಿರ ಹತ್ತಿರ 10 ಕಿಲೋ! 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸಮನಾದ ಮೀನು ಸಿಗುವ ತನಕ ಆ ದಾಖಲೆಯನ್ನು ಯಾರೂ ಸರಿಗಟ್ಟಿರಲಿಲ್ಲ. ಅವತ್ತು ಹೊಲ ನೆನೆದು ಉಳುಮೆ ಆಗುವಂತಿರಲಿಲ್ಲ, ಅದಕ್ಕೇ ಪೆರಿ ಮೀನಿಗೆ ಹೋದ ಅಂತ ಹೇಳುತ್ತಾರೆ. ಅವನ ಹತ್ತಿರ ಇದ್ದದ್ದು ಒಂದೇ ಒಂದು ಲೂರ್ ಅಂತಲೂ ಹೇಳುತ್ತಾರೆ. ಹತ್ತು ನಿಮಿಷಕ್ಕೊಮ್ಮೆ ಲೂರ್ ಬದಲಿಸುತ್ತಾ ಒದ್ದೆ ಬೆರಳಲ್ಲಿ ಗಂಟು ಹಾಕಲಾಗದೆ ಪರದಾಡುವಾಗ ನನಗೆ ಈ ಕಥೆ ನೆನಪಾಗಿ ಸ್ವಲ್ಪ ನಾಚಿಕೆಯಾಗುತ್ತದೆ.

ಗುಡುಗು ಕೇಳಿದರೆ ಮಾತ್ರ ಯಾವ ಲೂರ್ ಅನ್ನುವ ಪ್ರಶ್ನೆಯೇ ಇಲ್ಲ. ಗ್ರಾಫೈಟ್ ರಾಡ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಬಯಲು ನೀರಿನ ಪಕ್ಕ ಅದನ್ನು ಎತ್ತಿ ಹಿಡಿದು ನಿಲ್ಲುವುದು ಅಂದರೆ ಸಿಡಿಲನ್ನು ಕರೆದ ಹಾಗೆ. ರಾಡ್ ಕೆಳಗಿಟ್ಟು ಕಾರಿನೊಳಗೆ ಕೂತುಕೊಳ್ಳಿ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬೇಡಿ.

ಮನೆಗೆ ಬಂದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ. ಒಮ್ಮೆ ಸುಸ್ತಾಗಿ ಲೂರ್ ಪೆಟ್ಟಿಗೆಯನ್ನು ಹಾಗೇ ಮುಚ್ಚಿಟ್ಟು ಮಲಗಿಬಿಟ್ಟೆ. ಎರಡು ವಾರ ಬಿಟ್ಟು ತೆಗೆದರೆ ಕೊಕ್ಕೆಗಳೆಲ್ಲ ತುಕ್ಕು ಹಿಡಿದು ಕೆಂಪಾಗಿದ್ದವು, ರಬ್ಬರ್ ಲಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಈಗ ಪೆಟ್ಟಿಗೆಯ ಬಾಯಿ ತೆರೆದು ಫ್ಯಾನ್ ಕೆಳಗೆ ಇಡುತ್ತೇನೆ. ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆಯನ್ನು ಮಾತ್ರ ಮೊದಲು ಹಿಂಡಬೇಕು, ಅದರೊಳಗೆ ಒಂದು ಚಮಚ ಕೆರೆ ನೀರು ಇದ್ದೇ ಇರುತ್ತದೆ.

ನಮಸ್ಕಾರ.