ಬ್ರೇಕ್ ತುಳಿದರೆ ಮಾಯವಾಗುವ ಸದ್ದು

ನಮಸ್ಕಾರ. ಈ ಕಾರಿನಿಂದ ಬರುವ ಕೀರಲು ಸದ್ದಿನ ಮೂಲ ಹುಡುಕಲು ನಾವೀಗ ಬಳ್ಳಾರಿಯ ಕೋಟೆ ಗುಡ್ಡದ ಪಕ್ಕದ ರಸ್ತೆಯಲ್ಲಿದ್ದೇವೆ. ಕಿಟಕಿಯ ಗಾಜು ಇಳಿಸಿದ್ದೇನೆ, ಏಸಿ ಆರಿಸಿದ್ದೇನೆ, ರೇಡಿಯೊ ಬಂದ್. ಎಡಗಡೆ ಉದ್ದನೆಯ ಕಾಂಪೌಂಡ್ ಗೋಡೆ ಇದೆ. ಬಯಲಿನಲ್ಲಿ ಕಿವಿಗೆ ಬೀಳದ ಸದ್ದು ಗೋಡೆಗೆ ಬಡಿದು ನಮ್ಮ ಕಡೆಗೇ ತಿರುಗಿ ಬರುತ್ತದೆ. ಸ್ವಲ್ಪ ಹೊತ್ತು ನಾನು ಸುಮ್ಮನಿರುತ್ತೇನೆ, ನೀವು ಕಿವಿಗೊಡಿ.

ಕೀಚ್... ಕೀಚ್... ಕೀಚ್... ಕೇಳಿಸಿತೇ? ಪಕ್ಕದಲ್ಲಿ ಕುಳಿತ ತಂಗಿ, "ಅಣ್ಣಾ, ನನ್ನ ಕಡೆಯ ಮುಂದಿನ ಗಾಲಿ" ಎಂದು ಕೈ ತೋರಿಸುತ್ತಿದ್ದಾಳೆ. ಓಡಿಸುವವರ ಕಿವಿಗಿಂತ ಪಕ್ಕದಲ್ಲಿ ಕುಳಿತವರ ಕಿವಿ ಚುರುಕು. ಸದ್ದು ಹುಡುಕಲು ಹೊರಟಾಗ ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಿ.

ಸದ್ದು ಬಂದ ಕೂಡಲೇ ಬುಷ್ (ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ತುಂಡು) ಬದಲಿಸು, ಎಂಜಿನ್ನಿನ ಬೆಲ್ಟ್ ಬದಲಿಸು ಎನ್ನುವವರು ಬಹಳ ಮಂದಿ. ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸದ್ದು ಯಾವುದರ ಜೊತೆ ನಡೆಯುತ್ತಿದೆ? ಎಂಜಿನ್ ಜೊತೆಯೇ, ಗಾಲಿಯ ಜೊತೆಯೇ, ರಸ್ತೆಯ ಉಬ್ಬುತಗ್ಗಿನ ಜೊತೆಯೇ? ಇದಕ್ಕೆ ಉತ್ತರ ಸಿಗುವವರೆಗೆ ಪಾನಾ ಕೈಗೆತ್ತಿಕೊಳ್ಳಬಾರದು.

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಲರೇಟರ್ ಒತ್ತಿದೆ. ಎಂಜಿನ್ ಏರಿತು, ಇಳಿಯಿತು, ಕೀರಲು ಸದ್ದು ಬರಲಿಲ್ಲ. ಏಸಿ ಹಾಕಿದೆ, ಆಗಲೂ ಇಲ್ಲ. ಹಾಗಾಗಿ ಬೆಲ್ಟ್ ಮೇಲಿನ ಅನುಮಾನ ಅಲ್ಲಿಗೆ ಬಿಟ್ಟೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ ಏಸಿ ಹಾಕಿದಾಗಲೋ ಚೀರುವುದು ಬೆಲ್ಟಿನ ಲಕ್ಷಣ. ಆಮೇಲೆ ಬಾನೆಟ್ಟಿನ ಎರಡೂ ಮೂಲೆಗಳನ್ನು ಒತ್ತಿ ಒತ್ತಿ ಬಿಟ್ಟೆ. ಸಸ್ಪೆನ್ಷನ್ ಬುಷ್ ಒಣಗಿದ್ದರೆ ಸಾಮಾನ್ಯವಾಗಿ ಆಗ ಕಿರುಗುಟ್ಟುತ್ತದೆ. ಅದೂ ಇಲ್ಲ.

ಉಳಿದದ್ದು ಗಾಲಿ. ಚಿಕ್ಕ ಕಾರಿನ ಟೈರಿನ ಸುತ್ತಳತೆ ಹೆಚ್ಚುಕಡಿಮೆ 1.8 ಮೀಟರ್. ಗಂಟೆಗೆ 20 ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು 3 ಸುತ್ತು ತಿರುಗುತ್ತದೆ. ಆದರೆ ಎಂಜಿನ್ ಸುಮ್ಮನೆ ಓಡುತ್ತಿರುವಾಗಲೂ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ, ಅದನ್ನು ಕಿವಿ ಎಣಿಸಲಾರದು. ಬಿಡಿಬಿಡಿಯಾಗಿ ಎಣಿಸಲು ಬರುವ, ವೇಗದ ಜೊತೆ ಏರಿ ಇಳಿಯುವ ಕೀಚು ಬಹುಮಟ್ಟಿಗೆ ಗಾಲಿಯ ಬಳಿಯದೇ. ಖಚಿತಪಡಿಸಿಕೊಳ್ಳಲು ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ನ್ಯೂಟ್ರಲ್‌ಗೆ ಹಾಕಿ ನೋಡಿ, ಎಂಜಿನ್ ಇಳಿದರೂ ಕೀಚು ಹಾಗೇ ಬಂದರೆ ಅದು ಗಾಲಿಯ ಕಡೆಯದ್ದು. ಎಂಜಿನ್ ಮಾತ್ರ ಆರಿಸಬೇಡಿ: ಬ್ರೇಕಿಗೂ ಸ್ಟೀರಿಂಗಿಗೂ ಸಿಗುವ ಸಹಾಯ ಹೋಗಿಬಿಡುತ್ತದೆ.

ಈಗ ನೋಡಿ, ಬ್ರೇಕ್ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟೆ. ಸದ್ದು ನಿಂತಿತು. ಕಾಲು ತೆಗೆದೆ. ಮತ್ತೆ ಕೀಚ್, ಕೀಚ್.

ಇದು ಸಿಕ್ಕ ಕೂಡಲೇ ನಾನು ಗಾಡಿಯನ್ನು ನೇರ ಕೌಲ್ ಬಜಾರಿನ ಗ್ಯಾರೇಜಿಗೆ ತಿರುಗಿಸಿದೆ. ಬೇರೆ ಸದ್ದಾಗಿದ್ದರೆ ಒಂದು ವಾರ ತಡೆದುಕೊಳ್ಳಬಹುದಿತ್ತು. ಬ್ರೇಕಿನದ್ದಾದರೆ ಕಾಯಬಾರದು. ಗಾಲಿಯ ಜೊತೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್, ಅದನ್ನು ಒಳಗಿನಿಂದಲೂ ಹೊರಗಿನಿಂದಲೂ ಒತ್ತಿ ಹಿಡಿಯುವುದು ಪ್ಯಾಡ್. ಅನೇಕ ಪ್ಯಾಡ್‌ಗಳಲ್ಲಿ ಸಣ್ಣದೊಂದು ತಗಡಿನ ನಾಲಿಗೆ ಇರುತ್ತದೆ. ಪ್ಯಾಡಿನ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜುವ ಪದರ, ಸವೆದು ಎರಡು ಮೂರು ಮಿಲಿಮೀಟರ್‌ಗೆ ಇಳಿದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಚೀರುತ್ತದೆ. ಡಿಸ್ಕ್ ಕೂದಲೆಳೆಯಷ್ಟು ಓರೆ ಇದ್ದರೂ ಸುತ್ತಿಗೊಮ್ಮೆ ತಾಗುತ್ತದೆ. ಬ್ರೇಕ್ ತುಳಿದಾಗ ಅದು ಒತ್ತಿ ಹಿಡಿದಂತಾಗಿ ಸದ್ದು ನಿಲ್ಲುತ್ತದೆ, ಇಲ್ಲವೇ ಬದಲಾಗುತ್ತದೆ. ಎಚ್ಚರಿಸಲೆಂದೇ ಇಟ್ಟ ಸದ್ದು ಅದು. ಅದರ ಬಾಯಿ ಮುಚ್ಚಿಸಲು ಎಣ್ಣೆಯನ್ನೋ ತುಕ್ಕು ಬಿಡಿಸುವ ಸ್ಪ್ರೇಯನ್ನೋ ಹೊಡೆಯುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ಯಾಡ್ ಎಣ್ಣೆ ಹೀರಿದರೆ ಗಾಡಿ ನಿಲ್ಲುವುದಿಲ್ಲ.

ಮಳೆಯ ಮರುದಿನವೋ ತೊಳೆದ ಮರುದಿನವೋ ಬೆಳಿಗ್ಗೆ ಬರುವ ಕರಕರ ಸದ್ದು ಬೇರೆ. ಡಿಸ್ಕಿನ ಮೇಲಿನ ತೆಳುವಾದ ತುಕ್ಕು ಅದು, ಒಂದಷ್ಟು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.

ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಚಾಚಾ ಅಲಾಯ್ ಗಾಲಿಯ ಸಂದಿನಿಂದ ಟಾರ್ಚ್ ಬಿಟ್ಟು ನೋಡಿದರು. ಹೊರಗಿನ ಪ್ಯಾಡ್ ದಪ್ಪವಾಗಿಯೇ ಕಾಣುತ್ತಿತ್ತು. "ಚೆನ್ನಾಗಿಯೇ ಇದೆಯಲ್ಲ ಚಾಚಾ?" ಎಂದೆ. "ತಮ್ಮಾ, ಹೊರಗಿನದ್ದು ನೋಡಿ ಒಳಗಿನದ್ದು ಹೇಳಬಾರದು" ಎಂದರು.

ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ನೆಲದ ಮೇಲಿದ್ದಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಜಾಕ್ ಏರಿಸಿದರು. ಗಾಲಿ ಬಿಚ್ಚಿ, ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ತೆಗೆದು ಪಕ್ಕಕ್ಕೆ ತಂತಿಯಿಂದ ಕಟ್ಟಿದರು. ಅದರ ಭಾರ ಬ್ರೇಕ್ ಹೋಸ್ (ಬ್ರೇಕ್ ಆಯಿಲ್ ಬರುವ ಕೊಳವೆ) ಮೇಲೆ ಬೀಳಬಾರದು. ಎರಡೂ ಪ್ಯಾಡ್‌ಗಳನ್ನು ಬೆಂಚಿನ ಮೇಲೆ ಅಕ್ಕಪಕ್ಕ ಇಟ್ಟಿದ್ದಾರೆ, ಕ್ಯಾಮೆರಾವನ್ನು ಹತ್ತಿರ ತರುತ್ತೇನೆ. ಹೊರಗಿನದ್ದರಲ್ಲಿ ಅರ್ಧದಷ್ಟು ಮಸಾಲೆ ಉಳಿದಿದೆ. ಒಳಗಿನದ್ದು ನಾಣ್ಯದಷ್ಟು ತೆಳ್ಳಗಾಗಿದೆ, ತಗಡಿನ ನಾಲಿಗೆಯ ತುದಿ ಉಜ್ಜಿ ಉಜ್ಜಿ ಬೆಳ್ಳಿಯ ಬಣ್ಣಕ್ಕೆ ತಿರುಗಿದೆ.

ಒಂದೇ ಗಾಲಿಯಲ್ಲಿ ಇಷ್ಟು ವ್ಯತ್ಯಾಸ ಏಕೆ? ಬ್ರೇಕ್ ತುಳಿದಾಗ ಕ್ಯಾಲಿಪರ್‌ನಲ್ಲಿರುವ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಕ್ಯಾಲಿಪರ್ ತನ್ನ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ ಬಿಗಿಯಾದರೆ ಜಾರುವುದಿಲ್ಲ, ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ. ಚಾಚಾ ಮೇಲಿನ ಪಿನ್ ಎಳೆದಾಗ ಸಲೀಸಾಗಿ ಬಂತು. ಕೆಳಗಿನದ್ದನ್ನು ತಿರುಗಿಸಿ ತಿರುಗಿಸಿ ತೆಗೆಯಬೇಕಾಯಿತು. ಅದರ ರಬ್ಬರ್ ಟೊಪ್ಪಿ ಸೀಳಿತ್ತು. ಒಳಗಿನ ಗ್ರೀಸ್ ಒಣಗಿ, ಕೆಂಪು ಧೂಳು ಸೇರಿ ಗಟ್ಟಿಯಾಗಿತ್ತು.

ಆ ಕೆಂಪು ಎಲ್ಲಿಯದ್ದು ಎಂದು ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಕುಡಿತಿನಿ, ತೋರಣಗಲ್ಲು, ಸಂಡೂರಿನ ಕಡೆ ಅದಿರಿನ ಲಾರಿಗಳ ಹಿಂದೆ ಓಡಾಡುವ ಗಾಡಿ ಇದು. ಧೂಳಿನಲ್ಲಿರುವುದು ಕಬ್ಬಿಣದ ಆಕ್ಸೈಡ್. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಇದೇ. ಉಜ್ಜುವುದು ಅದರ ಗುಣ. ಅದಕ್ಕೆ ನಮ್ಮ ಬೇಸಿಗೆಯ 40 ಡಿಗ್ರಿ ದಾಟುವ ಬಿಸಿಲು ಬೇರೆ. ಗಾಡಿ ತೊಳೆಯುವಾಗ ನಾವು ಬಾಗಿಲು, ಗಾಜು ಎಂದು ಹೊರಗನ್ನು ಹೊಳೆಸುತ್ತೇವೆ. ಈ ಭಾಗದಲ್ಲಿ ಓಡುವ ಗಾಡಿಗೆ ಸರ್ವಿಸ್ ಮಾಡಿಸುವಾಗ ಕ್ಯಾಲಿಪರ್ ಪಿನ್ ಬಿಚ್ಚಿ ನೋಡಲೇಬೇಕೆಂದು ಬಾಯಿಬಿಟ್ಟು ಕೇಳಿ.

ಬ್ರೇಕ್ ಬಳಿಯ ಪುಡಿಯನ್ನು ಬಾಯಿಂದ ಊದಬೇಡಿ, ಗಾಳಿಯನ್ನೂ ಹೊಡೆಯಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಚಾಚಾ ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿದರು. ಪಿನ್ನನ್ನು ಉಜ್ಜಿ, ಬ್ರೇಕಿನ ಬಿಸಿ ತಡೆಯುವ ಸಿಲಿಕೋನ್ ಗ್ರೀಸ್ ಸವರಿ, ಹೊಸ ರಬ್ಬರ್ ಟೊಪ್ಪಿ ಕೂರಿಸಿದರು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇಲ್ಲಿ ಬೇಡ, ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡ್‌ಗಳನ್ನು ಎಡ ಬಲ ಎರಡೂ ಗಾಲಿಗಳಿಗೆ ಹೊಸದಾಗಿ ಹಾಕಿಸಿದೆ. ಒಂದೇ ಕಡೆ ಬದಲಿಸಿದರೆ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುತ್ತಾರೆ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ನಿಂತಲ್ಲೇ ತುಳಿಯಿರಿ. ಇಲ್ಲದಿದ್ದರೆ ಮೊದಲ ಸಲ ತುಳಿದಾಗ ಬ್ರೇಕ್ ಹಿಡಿಯುವುದೇ ಇಲ್ಲ.

ಈಗ ಸಿರುಗುಪ್ಪ ರಸ್ತೆಯಲ್ಲಿದ್ದೇವೆ. ಹಿಂದೆ ಯಾರೂ ಇಲ್ಲದಾಗ 50ರಿಂದ 20ಕ್ಕೆ ಮೆಲ್ಲಗೆ ಇಳಿಸುತ್ತಾ, ನಡುವೆ ಆರಲು ಬಿಡುತ್ತಾ ಪ್ಯಾಡ್‌ಗಳನ್ನು ಡಿಸ್ಕಿಗೆ ಹೊಂದಿಸುತ್ತಿದ್ದೇನೆ. ಕೀಚು ಪೂರ್ತಿ ಹೋಗಿದೆ. ಅಲ್ಲೊಂದು ಹಂಪ್ ಬಂತು... ಕೇಳಿದಿರಾ, ಹಿಂಬದಿಯಿಂದ ಸಣ್ಣಗೆ ಕುಯ್ ಎಂದಿತು? ಇದು ರಸ್ತೆಯ ಜೊತೆ ನಡೆಯುವ ಸದ್ದು, ಬಹುಶಃ ಹಿಂದಿನ ಬುಷ್. ಮುಂದಿನ ವಿಡಿಯೊದಲ್ಲಿ ಗಾಡಿಯನ್ನು ಎತ್ತಿ, ಬುಷ್‌ಗಳ ಮೇಲೆ ಒಂದೊಂದಾಗಿ ನೀರು ಚಿಮುಕಿಸಿ ನೋಡೋಣ.